ಎಣಿಕೆಯ ಡೇಟಾದಿಂದ ನಾಯ್ಸ್ ತೆಗೆಯಲು ಮಾಮೂಲಿ ವೇವ್‌ಲೆಟ್ ವಿಧಾನ ಸಾಕಾ?

ಸೆಕೆಂಡಿಗೆ ಎಷ್ಟು ಫೋಟಾನ್ ಬಂತು ಅನ್ನುವಂಥ ಎಣಿಕೆಗೆ ಮಾಮೂಲಿ ವೇವ್‌ಲೆಟ್ ಥ್ರೆಶೋಲ್ಡಿಂಗ್ (ಡೇಟಾವನ್ನು ದೊಡ್ಡ-ಸಣ್ಣ ಏರಿಳಿತಗಳಾಗಿ ಬಿಡಿಸಿ, ಒಂದು ಮಿತಿಗಿಂತ ಚಿಕ್ಕವನ್ನು ನಾಯ್ಸ್ ಅಂತ ಅಳಿಸುವುದು) ಸಾಕಾ ಅಂತ ಕೇಳಿದ್ದೀರಿ. ಸುಮ್ನೆ ಹಾಗೇ ಹಾಕಿದರೆ ಕೆಡುತ್ತದೆ. ಯಾಕಂದ್ರೆ ನಾಯ್ಸ್ ಎಲ್ಲ ಕಡೆ ಒಂದೇ ಮಟ್ಟದಲ್ಲಿದೆ ಅಂತ ಆ ವಿಧಾನ ನಂಬುತ್ತದೆ, ಆದರೆ ಇಂಥ ಪಾಯ್ಸಾನ್ ಎಣಿಕೆಯಲ್ಲಿ (ಒಂದಕ್ಕೊಂದು ಸಂಬಂಧವಿಲ್ಲದೆ ಬರುವವುಗಳ ಎಣಿಕೆ) ಸರಾಸರಿ ಎಷ್ಟೋ ವೇರಿಯನ್ಸ್, ಅಂದ್ರೆ ಏರಿಳಿತದ ವರ್ಗ, ಕೂಡ ಅಷ್ಟೇ: ಸರಾಸರಿ 100 ಇರುವಲ್ಲಿ ಏರಿಳಿತ ಸುಮಾರು 10, ಸರಾಸರಿ 4 ಇರುವಲ್ಲಿ 2. ಒಂದೇ ಥ್ರೆಶೋಲ್ಡ್ ಇಟ್ಟರೆ ಎತ್ತರದಲ್ಲಿ ನಾಯ್ಸ್ ಉಳಿಯುತ್ತದೆ, ತಗ್ಗಿನಲ್ಲಿ ನಿಜವಾದ ಸಣ್ಣ ಉಬ್ಬುಗಳೇ ಅಳಿಸಿಹೋಗುತ್ತವೆ.

ಸುಲಭದ ದಾರಿ 1948ರ ಆನ್ಸ್‌ಕೂಂಬ್ ರೂಪಾಂತರ. ಪ್ರತಿ ಎಣಿಕೆಗೆ 3/8 ಕೂಡಿಸಿ, ವರ್ಗಮೂಲ ತೆಗೆದು, 2ರಿಂದ ಗುಣಿಸಿ. ವೇರಿಯನ್ಸ್ ಹೆಚ್ಚುಕಡಿಮೆ 1 ಆಗುತ್ತದೆ, ಆಮೇಲೆ ಮಾಮೂಲಿ ಥ್ರೆಶೋಲ್ಡ್ ನಡೆಯುತ್ತದೆ. ವಾಪಸ್ ಬರುವಾಗ ಮಾತ್ರ ಎಚ್ಚರ! 2ರಿಂದ ಭಾಗಿಸಿ, ವರ್ಗ ಮಾಡಿ, 3/8 ಕಳೆದರೆ ಮುಗೀತು ಅಂದುಕೊಂಡರೆ ಉತ್ತರ ನಿಜಕ್ಕಿಂತ ಕಡಿಮೆ ಬರುತ್ತದೆ, ಎಣಿಕೆ ಚಿಕ್ಕದಿದ್ದಾಗ ಇದು ಜಾಸ್ತಿ ಕಾಡುತ್ತದೆ, ಅದಕ್ಕೇ ಈ ಬಯಾಸ್ (ಒಂದೇ ಕಡೆಗೆ ವಾಲುವ ತಪ್ಪು) ಸರಿಪಡಿಸಿದ ಇನ್ವರ್ಸ್, ಅಂದ್ರೆ ವಾಪಸ್ ತರುವ ಸೂತ್ರ, ಬಳಸಿ.

ಸರಾಸರಿ ಒಂದೆರಡೇ ಇದ್ದರೆ ಆನ್ಸ್‌ಕೂಂಬ್ ಕೈಕೊಡುತ್ತದೆ. ಆಗ ನನ್ನ ಆಯ್ಕೆ ಹಾರ್-ಫಿಶ್ (Haar-Fisz) ಅನ್ನುವ ಇನ್ನೊಂದು ರೂಪಾಂತರ. ಪಕ್ಕಪಕ್ಕದ ಎಣಿಕೆಗಳ ವ್ಯತ್ಯಾಸವನ್ನು ಅವುಗಳ ಮೊತ್ತದ ವರ್ಗಮೂಲದಿಂದ ಭಾಗಿಸುವುದೇ ಅದರ ತಿರುಳು. ಮೊತ್ತ 0 ಇದ್ದರೆ 0 ಅಂತಲೇ ಇಡಿ.