ಹಡಗಲ್ಲಿ ಐದು ರೂಮು, ಮನೆ ಮಾತ್ರ ಒಂದೇ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾವು ಶ್ರೀನಿವಾಸಪುರದವರು. ಅಪ್ಪ ಅಮ್ಮಂಗೆ ಮದುವೆಯಾಗಿ 50 ವರ್ಷ ತುಂಬುತ್ತೆ, ಮಾವಿನ ಸುಗ್ಗಿ ಮುಗಿದ್ಮೇಲೆ ಸಿಂಗಾಪುರದಿಂದ ಹೊರಡೋ 3 ರಾತ್ರಿ ಕ್ರೂಸ್‌ಗೆ ಎಲ್ಲರೂ ಹೋಗೋಣ ಅಂತಿದೀವಿ. ಒಟ್ಟು 13 ಜನ. ಅಪ್ಪಂಗೆ 76, ಅಮ್ಮಂಗೆ 71, ಮಂಡಿನೋವು ಇದೆ. ನಾವು ಮೂರು ಜನ ಅಣ್ಣತಮ್ಮಂದಿರು, ಹೆಂಡತೀರು. ಅಣ್ಣಂಗೆ 16ರ ಮಗಳು, 14 ಮತ್ತೆ 11ರ ಹುಡುಗರು, ನನಗೆ 8ರ ಮಗ, ತಮ್ಮಂಗೆ 4ರ ಮಗಳು. ಏಜೆಂಟು 4 ರೂಮು ಸಾಕು, ಗ್ಯಾರಂಟಿ ರೂಮ್ ತಗೊಂಡ್ರೆ ಇನ್ನೂ ಕಮ್ಮಿಗೆ ಆಗುತ್ತೆ ಅಂತಾರೆ. ದೊಡ್ಡ ಮಕ್ಕಳು ತಮಗೇ ಒಂದು ರೂಮ್ ಬೇಕು ಅಂತ ಹಠ ಹಿಡಿದಿದಾರೆ. ಏನ್ ಮಾಡೋದು?

ಉತ್ತರ: ಮೊದಲು ಅಪ್ಪ ಅಮ್ಮಂಗೆ ನನ್ನ ನಮಸ್ಕಾರ ತಿಳಿಸಿ. 4 ರೂಮಲ್ಲಿ 13 ಜನ ಹಿಡೀತಾರೆ, ಅದು ಸುಳ್ಳಲ್ಲ, ಎಷ್ಟೋ ರೂಮಿಗೆ 4 ಜನದ ತನಕ ಹಾಕ್ತಾರೆ, ಮೂರನೇ ನಾಲ್ಕನೇಯವರ ರೇಟು ಸಾಮಾನ್ಯವಾಗಿ ಮೊದಲಿಬ್ಬರಿಗಿಂತ ಕಮ್ಮಿ, ಏಜೆಂಟು ಆ ಲೆಕ್ಕ ಇಟ್ಕೊಂಡೇ ಹೇಳಿರೋದು. ಆದ್ರೆ ಆ ಮೂರನೇ ನಾಲ್ಕನೇ ಹಾಸಿಗೆ ಅಂದ್ರೆ ಸೋಫಾ ಬಿಚ್ಚಿ ಮಾಡಿದ್ದು, ಇಲ್ಲಾಂದ್ರೆ ರೈಲಿನ ಅಪ್ಪರ್ ಬರ್ತ್ ಥರ ಮೇಲಿಂದ ಇಳಿಸೋದು, ಅದು ಇಳೀತು ಅಂದ್ರೆ ಕಾಲಿಡೋಕೂ ಜಾಗ ಇರಲ್ಲ, ಬಾತ್‌ರೂಮ್ ಒಂದೇ, ಅದೂ ಇಕ್ಕಟ್ಟು. ದುಡ್ಡು ಸ್ವಲ್ಪ ಜಾಸ್ತಿ ಆದ್ರೂ 5 ರೂಮ್ ತಗೊಳಿ ಅಂತಾನೇ ನಾನು ಹೇಳೋದು.

ಗ್ಯಾರಂಟಿ ರೂಮ್ ಮಾತ್ರ ಬೇಡ. ಅದರಲ್ಲಿ ಬಾಲ್ಕನಿನೋ ಒಳಗಡೆ ರೂಮೋ ಅನ್ನೋ ದರ್ಜೆ ಮಾತ್ರ ಗ್ಯಾರಂಟಿ, ಯಾವ ಮಹಡಿ ಯಾವ ನಂಬರು ಅನ್ನೋದನ್ನ ಕಂಪನಿಯವರೇ ಆಮೇಲೆ ಕೊಡೋದು, ಒಬ್ಬರು ಹಡಗಿನ ಮುಂದೆ ಇನ್ನೊಬ್ಬರು ಹಿಂದೆ ಬಿದ್ರೂ ಕೇಳೋ ಹಾಗಿಲ್ಲ. ಒಬ್ಬಿಬ್ಬರು ಹೋಗೋವಾಗ ಪರವಾಗಿಲ್ಲ, ವಯಸ್ಸಾದವರನ್ನ ಕರ್ಕೊಂಡು ಹೋಗೋವಾಗ ಆಗಲ್ಲ.

ಇದನ್ನ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ನಾವು ತುಮಕೂರಿಂದ 9 ಜನ ಹೋಗಿದ್ವಿ, ಬುಕ್ ಮಾಡಿಕೊಟ್ಟವರು ಎರಡು ಬೇರೆ ಬೇರೆ ದಿನ ಬುಕ್ ಮಾಡಿದ್ರು, ಅಮ್ಮ ಮತ್ತೆ ಚಿಕ್ಕಮ್ಮ ಒಂದು ಮಹಡೀಲಿ, ನಾವೆಲ್ಲ ಮೂರು ಮಹಡಿ ಮೇಲೆ. ಮೊದಲ ರಾತ್ರಿ ಅಲೆ ಜಾಸ್ತಿ ಇತ್ತು, ಅಮ್ಮಂಗೆ ವಾಂತಿ ಬರೋ ಹಾಗಾಗಿದೆ, ಪಕ್ಕದಲ್ಲಿ ನಿದ್ದೆ ಹೋಗಿರೋ ಚಿಕ್ಕಮ್ಮನ್ನ ಯಾಕೆ ಎಬ್ಬಿಸೋದು ಅಂತ ಸುಮ್ಮನಿದಾರೆ, ನಮ್ಮ ರೂಮ್ ಎಲ್ಲಿ ಅಂತ ಗೊತ್ತಿಲ್ಲ. ಬೆಳಿಗ್ಗೆ ನಾನು ಹೋಗಿ ನೋಡಿದ್ರೆ ಸ್ವೆಟರ್ ಹಾಕ್ಕೊಂಡು, ಊರಿಂದ ತಂದಿದ್ದ ಸ್ಟೀಲ್ ಚೊಂಬು ಮಡಿಲಲ್ಲಿ ಇಟ್ಕೊಂಡು ಮಂಚದ ತುದೀಲಿ ಕೂತಿದ್ರು, ರಾತ್ರಿಯೆಲ್ಲಾ ಹಂಗೇ ಕೂತಿದ್ರಂತೆ. ಅವತ್ತಿಂದ ನಾನು ಯಾರು ಕೇಳಿದ್ರೂ ಹೇಳೋದು ಒಂದೇ, ರಾತ್ರಿ ಯಾರಿಗೆ ಯಾರು ಬೇಕಾಗ್ತಾರೆ ಅಂತ ನೋಡ್ಕೊಂಡು ರೂಮ್ ಹಂಚಿ, ರೇಟು ಆಮೇಲೆ ನೋಡಿ.

ನಿಮ್ಮ ಮನೆಗೆ ಹಂಚೋದಾದ್ರೆ, ಅಪ್ಪ ಅಮ್ಮಂಗೆ ಹಡಗಿನ ಮಧ್ಯಭಾಗದಲ್ಲಿ ಕೆಳಗಿನ ಮಹಡೀಲಿ ರೂಮ್ ಕೇಳಿ, ಅಲ್ಲಿ ಓಲಾಟ ಕಮ್ಮಿ, ಲಿಫ್ಟಿಗೂ ಹತ್ರ ಇರಲಿ. ಈಜುಕೊಳದ ಮಹಡಿಯ ನೇರ ಕೆಳಗಿಂದು ಬೇಡ, ಬೆಳಗಾಗೋ ಮುಂಚೆನೇ ಕುರ್ಚಿ ಎಳೆಯೋ ಸದ್ದು. ಅವರ ಪಕ್ಕದಲ್ಲಿ ನೀವು ಮತ್ತೆ 8ರ ಮಗ, ಆಚೆ ಪಕ್ಕ ತಮ್ಮನ ಸಂಸಾರ. ಅಣ್ಣಂಗೆ ಎರಡು ಕನೆಕ್ಟಿಂಗ್ ರೂಮ್, ಅಂದ್ರೆ ನಡುವೆ ಒಳಬಾಗಿಲು ಇರೋದು. ಪಕ್ಕಪಕ್ಕದ ರೂಮಿಗೆಲ್ಲ ಈ ಬಾಗಿಲು ಇರಲ್ಲ, ಕೇಳಿ ಖಚಿತ ಮಾಡ್ಕೊಳಿ. ಎಷ್ಟೋ ಕಂಪನಿಗಳಲ್ಲಿ ಮಕ್ಕಳನ್ನೇ ಒಂದು ರೂಮಿಗೆ ಹಾಕೋ ಹಾಗಿಲ್ಲ, ಒಬ್ಬ ದೊಡ್ಡವರ ಹೆಸರು ಇರ್ಲೇಬೇಕು, ಅದಕ್ಕೆ ಬುಕಿಂಗಲ್ಲಿ ಅಣ್ಣನ ಜತೆ ಹುಡುಗರು, ಅತ್ತಿಗೆ ಜತೆ ಮಗಳು ಅಂತ ಬರೆಸಿ. ಒಳಬಾಗಿಲು ತೆಗೆದಿಟ್ರೆ ಮಕ್ಕಳಿಗೆ ತಮ್ಮದೇ ರೂಮ್ ಸಿಕ್ಕ ಖುಷಿ, ಅತ್ತಿಗೆಗೂ ಧೈರ್ಯ.

ಇನ್ನೊಂದು, ಇದು ನಮ್ಮ ಕಡೆಯವರು ಗಮನಿಸಲೇಬೇಕಾದ್ದು. ನಮ್ಮಲ್ಲಿ ಮನೆತನದ ಹೆಸರು ಅಂತ ಎಲ್ಲರಿಗೂ ಇರಲ್ಲ, ಇನಿಶಿಯಲ್ಲೇ, ಪಾಸ್‌ಪೋರ್ಟಲ್ಲಿ ಒಬ್ಬರಿಗೆ ಅಪ್ಪನ ಹೆಸರು ಕೊನೇಲಿ ಬಂದಿರುತ್ತೆ, ಇನ್ನೊಬ್ಬರಿಗೆ ಗಂಡಂದು, ಮತ್ತೊಬ್ಬರಿಗೆ ಆ ಜಾಗ ಖಾಲಿ. ಐದು ಬುಕಿಂಗ್ ನೋಡಿದವರಿಗೆ ಇವರೆಲ್ಲ ಒಂದೇ ಮನೆಯವರು ಅಂತ ಗೊತ್ತಾಗೋದೇ ಇಲ್ಲ. ಆದ್ದರಿಂದ ಎಲ್ಲಾ ಒಂದೇ ದಿನ ಮಾಡ್ಸಿ, ಐದೂ ಬುಕಿಂಗ್ ನಂಬರ್‌ಗಳನ್ನ ಲಿಂಕ್ ಮಾಡಿ ಅಂತ ಬಾಯಿಬಿಟ್ಟು ಹೇಳಿ, ಊಟದ ಟೇಬಲ್ಲೂ ಒಟ್ಟಿಗೆ ಕೇಳಿ. ಹೆಸರು ಮಾತ್ರ ಪಾಸ್‌ಪೋರ್ಟಲ್ಲಿ ಇರೋ ಹಾಗೇ ಇರಬೇಕು. ಮತ್ತೆ, ದೇವನಹಳ್ಳಿ ಏರ್‌ಪೋರ್ಟ್ ನಿಮಗೆ ಹತ್ರ ಅಂತ ಹಡಗು ಹೊರಡೋ ದಿನಾನೇ ವಿಮಾನ ಹತ್ತಬೇಡಿ, ಹಿಂದಿನ ದಿನಾನೇ ಸಿಂಗಾಪುರ ಸೇರ್ಕೊಳಿ, ವಿಮಾನ ತಡ ಆದ್ರೆ ಹಡಗು ಕಾಯಲ್ಲ.

ಪ್ರಶ್ನೆ: ತಿಪಟೂರಿನವರು ನಾವು, 8 ಜನ ಕಾಲೇಜು ಗೆಳತಿಯರು 4 ರೂಮಲ್ಲಿ ಹೋಗ್ತಿದೀವಿ. ಹಡಗಲ್ಲಿ ಖರ್ಚಿನ ಲೆಕ್ಕ ಹೇಗೆ, ಆಮೇಲೆ ಮನಸ್ತಾಪ ಆಗಬಾರದು.

ಉತ್ತರ: ಹಡಗಲ್ಲಿ ಸಾಮಾನ್ಯವಾಗಿ ನಗದು ನಡೆಯಲ್ಲ, ರೂಮಿನ ಕೀ ಕಾರ್ಡೇ ಪರ್ಸು, ಉಜ್ಜಿದ್ದೆಲ್ಲ ಆ ರೂಮಿನ ಖಾತೆಗೆ ಸೇರುತ್ತೆ. ಹತ್ತಿದ ದಿನಾನೇ ಕೌಂಟರಿಗೆ ಹೋಗಿ ಒಂದೊಂದು ರೂಮಿಗೂ ಅವರವರ ಕ್ರೆಡಿಟ್ ಕಾರ್ಡ್ ಜೋಡಿಸಿ, ಒಬ್ಬರ ಕಾರ್ಡಿಗೆ ನಾಲ್ಕೂ ರೂಮ್ ಹಾಕೋದು ಬೇಡ. ಟಿಪ್ಸು ಟಿಕೆಟ್‌ನಲ್ಲಿ ಸೇರಿಲ್ಲ ಅಂದ್ರೆ ಒಬ್ಬೊಬ್ಬರಿಗೂ ದಿನಕ್ಕೆ ಇಷ್ಟು ಅಂತ ಬರುತ್ತೆ, ಅದನ್ನ ಊರು ಬಿಡೋ ಮುಂಚೆ ಇಲ್ಲೇ ಕೇಳ್ಕೊಳಿ. ಬಿಲ್ಲನ್ನ ದಿನಾ ರಾತ್ರಿ ಒಂದ್ಸಲ ನೋಡಿ, ತಪ್ಪಿದ್ರೆ ಇಳಿಯೋ ಮುಂಚೆನೇ ಸರಿ ಮಾಡ್ಸಿ.

ಪ್ರಶ್ನೆ: ಗೌರಿಬಿದನೂರಿಂದ ಬರೀತಿದೀನಿ. ಬೇರೆ ಬೇರೆ ರೂಮಲ್ಲಿದ್ರೆ ಸಮುದ್ರದ ಮಧ್ಯೆ ಒಬ್ಬರನ್ನೊಬ್ಬರು ಹುಡುಕೋದು ಹೇಗೆ? ಅತ್ತೆಗೆ ಓದೋಕೆ ಬರಲ್ಲ.

ಉತ್ತರ: ಮೊಬೈಲನ್ನ ಏರ್‌ಪ್ಲೇನ್ ಮೋಡಿಗೆ ಹಾಕ್ಬಿಡಿ, ಇಲ್ಲಾಂದ್ರೆ ಹಡಗಿನ ನೆಟ್‌ವರ್ಕ್ ಹಿಡ್ಕೊಂಡು ರೋಮಿಂಗ್ ಬಿಲ್ ಸಿಕ್ಕಾಪಟ್ಟೆ ಬರುತ್ತೆ. ರೂಮಿಂದ ರೂಮಿಗೆ ಒಳಗಿನ ಫೋನ್ ಇರುತ್ತೆ, ಎಲ್ಲಾ ರೂಮಿನ ನಂಬರು ಬರೆದ ಚೀಟಿ ಎಲ್ಲರ ಹತ್ರಾನೂ ಇರಲಿ. ಹೊತ್ತಿಗೆ ಸರಿಯಾಗಿ ಒಂದು ಜಾಗದಲ್ಲಿ ಸೇರೋ ರೂಢಿ ಮಾಡ್ಕೊಳಿ.

ಹಡಗಿನ ಕಾರಿಡಾರಲ್ಲಿ ಬಾಗಿಲೆಲ್ಲ ಒಂದೇ ಥರ, ಓದೋಕೆ ಬರೋರಿಗೂ ಗೊಂದಲ ಆಗುತ್ತೆ. ಎಷ್ಟೋ ಹಡಗಲ್ಲಿ ಬಾಗಿಲು ಲೋಹದ್ದು, ಮ್ಯಾಗ್ನೆಟ್ ಅಂಟುತ್ತೆ. ನಾನು ಎರಡನೇ ದಿನ ಅಮ್ಮನ ಬಾಗಿಲಿಗೆ ನಮ್ಮ ಮನೆ ಫ್ರಿಜ್ ಮೇಲಿನ ಹಳದಿ ಮಾವಿನಹಣ್ಣಿನ ಮ್ಯಾಗ್ನೆಟ್ ಅಂಟಿಸಿದೆ, ಸೂಟ್‌ಕೇಸಿನ ತಳದಲ್ಲಿ ಇತ್ತು, ಆಮೇಲೆ ಅಮ್ಮ ಒಬ್ಬರೇ ಹೋಗಿ ಬರೋರು. ಅತ್ತೆಗೆ ಗುರುತು ಸಿಗೋ ಅಂಥದ್ದು ಒಂದು ಮನೆಯಿಂದಲೇ ತಗೊಂಡ್ ಹೋಗಿ, ಅಂಟಿಸೋ ಮುಂಚೆ ರೂಮ್ ಹುಡುಗನ್ನ ಒಂದು ಮಾತು ಕೇಳಿ.

ತುರ್ತು ಸಮಯದಲ್ಲಿ ಸೇರೋ ಜಾಗ, ಅದಕ್ಕೆ ಮಸ್ಟರ್ ಸ್ಟೇಷನ್ ಅಂತಾರೆ, ಅದು ನಿಮ್ಮ ರೂಮ್ ಯಾವುದು ಅನ್ನೋದರ ಮೇಲೆ ಹೋಗುತ್ತೆ, ಒಂದೇ ಮನೆಯವರಾದ್ರೂ ರೂಮ್ ದೂರ ಇದ್ರೆ ಜಾಗ ಬೇರೆ ಆಗಬಹುದು. 2012ರ ಜನವರಿ 13ರಂದು ಇಟಲಿ ಹತ್ರ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ಸತ್ತರಲ್ಲ, ಅವತ್ತೇ ಹತ್ತಿದ್ದ ನೂರಾರು ಜನಕ್ಕೆ ಆ ಜಾಗದಲ್ಲಿ ಸೇರೋ ಅಭ್ಯಾಸ, ಅಂದ್ರೆ ಡ್ರಿಲ್, ಆಗಿರ್ಲೇ ಇಲ್ಲ, ಆಗಿನ ನಿಯಮದಲ್ಲಿ ಹತ್ತಿದ 24 ಗಂಟೆ ಒಳಗೆ ಮಾಡಿದ್ರೆ ಸಾಕಿತ್ತು. 2015ರಿಂದ ಹಡಗು ಹೊರಡೋ ಮುಂಚೆ ಇಲ್ಲಾ ಹೊರಟ ತಕ್ಷಣ ಮಾಡ್ಲೇಬೇಕು. ಅತ್ತೆಗೆ ಸುಸ್ತಾಗಿದೆ ಮಲಗಲಿ ಅಂತ ಬಿಡಬೇಡಿ, ಅವರನ್ನೇ ಕೈಹಿಡಿದು ಕರ್ಕೊಂಡು ಹೋಗಿ. ಅವರ ಜಾಗ ಬೇರೆ ಅಂತ ಕಾರ್ಡಲ್ಲಿ ಬಂದಿದ್ರೆ ಆಗಲೇ ಕೌಂಟರಲ್ಲಿ ಕೇಳಿ, ಆಪತ್ತಲ್ಲಿ ಅವರನ್ನ ಯಾರು ಕರ್ಕೊಂಡು ಬರೋದು ಅಂತ ಮನೆಯವರೆಲ್ಲ ಸೇರಿ ಒಬ್ಬರ ಹೆಸರು ಗೊತ್ತುಮಾಡ್ಕೊಳಿ.