ಮಾತಾಡದೆ ಕೂತವರನ್ನೂ ನೋಡಿ: ಕಿರುನಾಟಕಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಕಿರುನಾಟಕಗಳ ಬಗ್ಗೆಯೇ ಇದ್ದವು. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ದೊಡ್ಡ ನಾಟಕದಲ್ಲಿ ಪಾತ್ರದ ಊರು, ಮನೆತನ, ಕಷ್ಟಸುಖ ಎಲ್ಲ ಗೊತ್ತಾಗುತ್ತದೆ. ಅರ್ಧ ಗಂಟೆಯ ನಾಟಕದಲ್ಲಿ ಯಾರು ಯಾರು ಅಂತ ತಿಳಿಯುವಷ್ಟರಲ್ಲಿ ಲೈಟ್ ಆಫ್. ಇಂಥ ಪಾತ್ರಗಳನ್ನು ಅರ್ಥ ಮಾಡಿಕೊಳ್ಳೋದು ಹೇಗೆ? (ಮೈಸೂರಿನ ಓದುಗರು)

ಉತ್ತರ: ಊರು, ಮನೆತನ ಬಿಡಿ. ಆ ಮನುಷ್ಯನಿಗೆ ಈಗ, ಈ ಕೋಣೆಯಲ್ಲಿ, ಎದುರಿಗಿರುವವನಿಂದ ಏನು ಬೇಕಾಗಿದೆ ಅಂತ ನೋಡಿ. ಅಷ್ಟು ಸಿಕ್ಕರೆ ಉಳಿದದ್ದು ತಾನಾಗಿ ಬರುತ್ತದೆ. ಇನ್ನೊಂದು, ಮಾತಾಡುತ್ತಿರುವವನ ಮೇಲೆ ಎಷ್ಟು ಕಣ್ಣಿಡುತ್ತೀರೋ ಸುಮ್ನೆ ಕೂತವನ ಮೇಲೂ ಅಷ್ಟೇ ಇಡಿ. ಸಿನಿಮಾ ನೋಡಿ ನೋಡಿ ನಮಗೆ ಕ್ಯಾಮೆರಾ ತೋರಿಸಿದ ಮುಖವನ್ನು ಮಾತ್ರ ನೋಡುವುದು ರೂಢಿಯಾಗಿಬಿಟ್ಟಿದೆ. ರಂಗದ ಮೇಲೆ ಎಲ್ಲರೂ ಪೂರ್ತಿ ಕಾಣುತ್ತಿರುತ್ತಾರೆ, ಯಾರನ್ನು ನೋಡಬೇಕು ಅನ್ನೋದು ನಿಮಗೆ ಬಿಟ್ಟದ್ದು.

ಒಂದು ಉದಾಹರಣೆ ಹೇಳ್ತೀನಿ. ಇಂಗ್ಲಿಷ್ ನಾಟಕಕಾರ ಹೆರಾಲ್ಡ್ ಪಿಂಟರ್ 1957ರಲ್ಲಿ ಬರೆದ 'ದ ಡಂಬ್ ವೇಟರ್'. ಹಳೆಯದಾಯಿತು, ನಿಜ, ಆದರೆ ಇವತ್ತು ಆಡುವ ಎಷ್ಟೋ ಇಬ್ಬರ ನಾಟಕಗಳಿಗೆ ಇದು ಅಜ್ಜನ ಸಮಾನ. ಕಿಟಕಿಯಿಲ್ಲದ ನೆಲಮಾಳಿಗೆ, ಎರಡು ಮಂಚ, ಇಬ್ಬರು ಗಂಡಸರು: ಬೆನ್ ಮತ್ತು ಗಸ್. ದುಡ್ಡಿಗೆ ಕೊಲೆ ಮಾಡುವವರು, ಯಾರನ್ನು ಅಂತ ಇನ್ನೂ ಅಪ್ಪಣೆ ಬಂದಿಲ್ಲ, ಕಾಯುತ್ತಿದ್ದಾರೆ. ನಾಟಕ ಶುರುವಾದಾಗ ಮಾತೇ ಇಲ್ಲ. ಬೆನ್ ಮಲಗಿ ಪೇಪರ್ ಓದುತ್ತಿದ್ದಾನೆ. ಗಸ್ ಕಷ್ಟಪಟ್ಟು ಶೂ ಲೇಸ್ ಕಟ್ಟಿಕೊಂಡು ಎದ್ದು ನಾಲ್ಕು ಹೆಜ್ಜೆ ನಡೆಯುತ್ತಾನೆ, ನಿಲ್ಲುತ್ತಾನೆ, ಕಾಲು ಕೊಡವುತ್ತಾನೆ. ಬೆನ್ ಪೇಪರ್ ಕೆಳಗಿಳಿಸಿ ನೋಡುತ್ತಾನೆ. ಗಸ್ ಮಂಡಿಯೂರಿ, ಲೇಸ್ ಬಿಚ್ಚಿ, ಶೂ ಒಳಗಿಂದ ಚಪ್ಪಟೆಯಾದ ಬೆಂಕಿಪೊಟ್ಟಣ ತೆಗೆಯುತ್ತಾನೆ. ಅಲ್ಲಾಡಿಸಿ ನೋಡುತ್ತಾನೆ, ಜೇಬಿಗೆ ಹಾಕಿಕೊಳ್ಳುತ್ತಾನೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಕಾಲಿನದೂ ಅದೇ ಕಥೆ, ಅದರಲ್ಲಿ ಚಪ್ಪಟೆಯಾದ ಸಿಗರೇಟ್ ಪ್ಯಾಕ್.

ಜನ ನಗುತ್ತಾರೆ. ಆದರೆ ಅಷ್ಟರಲ್ಲಿ ಇಬ್ಬರೂ ನಮ್ಮ ಕೈಗೆ ಸಿಕ್ಕಾಗಿದೆ. ಏನಾದರೂ ಚುಚ್ಚಿದರೆ ತೆಗೆದು ನೋಡದೆ ಬಿಡುವವನಲ್ಲ ಗಸ್. ಬೆನ್ ನೋಡುತ್ತಾನೆ, ಸಿಡಿಮಿಡಿಗೊಳ್ಳುತ್ತಾನೆ, ಮತ್ತೆ ಪೇಪರ್ ಮುಖಕ್ಕೆ ಹಿಡಿಯುತ್ತಾನೆ. ಮುಂದೆ ನಾಟಕ ಪೂರ್ತಿ ಇದೇ ನಡೆಯುವುದು. ಗಸ್ ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತಾನೆ: ನಾವು ಹೋದ ಮೇಲೆ ಅದನ್ನೆಲ್ಲ ಯಾರು ಕ್ಲೀನ್ ಮಾಡ್ತಾರೆ? ಬೆನ್ ಪೇಪರಿನಲ್ಲಿ ಬಂದ ಯಾವುದೋ ಅಪಘಾತದ ಸುದ್ದಿ ಓದುತ್ತಾನೆ. ಈ ಬೆನ್‌ನನ್ನೇ ಗಮನಿಸಿ ಅನ್ನೋದು ನನ್ನ ಸಲಹೆ. ಗಸ್ ಮಾತಾಡುವಾಗ ಆ ಪೇಪರ್ ಎಷ್ಟು ಅಲ್ಲಾಡುತ್ತದೆ ಅನ್ನೋದರಲ್ಲೇ ಒಳ್ಳೆಯ ನಟನನ್ನೂ ಸಾಧಾರಣ ನಟನನ್ನೂ ಬೇರೆ ಮಾಡಿ ಹೇಳಬಹುದು. ಕೊನೆ ಏನಾಗುತ್ತೆ ಅಂತ ನಾನು ಹೇಳೋದಿಲ್ಲ, ಸಿಕ್ಕಿದರೆ ನೋಡಿ.

ಪ್ರಶ್ನೆ: ಕತ್ತಲಾದ ಕೂಡಲೇ ಚಪ್ಪಾಳೆ ಹೊಡೀಬೇಕಾ? ಎಷ್ಟೋ ಸಲ ನಾಟಕ ಮುಗಿದಿರೋದೇ ಇಲ್ಲ. (ದಾವಣಗೆರೆ)

ಉತ್ತರ: ಪಕ್ಕದವರು ಮೊದಲು ಹೊಡೆಯಲಿ.

ಪ್ರಶ್ನೆ: ಒಬ್ಬರೇ ಆಡುವ ನಾಟಕಗಳು ಈಗ ಜಾಸ್ತಿ. ನನಗಂತೂ ಭಾಷಣ ಕೇಳಿದ ಹಾಗಾಗುತ್ತದೆ. ಎದುರಿಗೆ ಇನ್ನೊಂದು ಪಾತ್ರ ಇಲ್ಲದಿದ್ದರೆ ಜಗಳ ಎಲ್ಲಿಂದ ಬರಬೇಕು? (ನಿವೃತ್ತ ಉಪನ್ಯಾಸಕಿ, ಧಾರವಾಡ)

ಉತ್ತರ: ಮೇಡಂ, ನಿಮ್ಮ ದೂರು ನ್ಯಾಯವಾದದ್ದೇ. ಎಷ್ಟೋ ಏಕವ್ಯಕ್ತಿ ನಾಟಕಗಳು ನಿಜವಾಗಿಯೂ ಭಾಷಣಗಳೇ, ಲೈಟಿಂಗ್ ಇದೆ ಅನ್ನೋದೊಂದೇ ವ್ಯತ್ಯಾಸ. ಆದರೆ ಒಬ್ಬರೇ ಇದ್ದಾಗಲೂ ಜಗಳ ಆಗಬಹುದು, ಬೇಕಾದರೆ ಗಿರೀಶ ಕಾರ್ನಾಡರ 'ಒಡಕಲು ಬಿಂಬ' ನೋಡಿ ಅಥವಾ ಓದಿ. 2005ರಲ್ಲಿ ಬೆಂಗಳೂರಿನ ರಂಗಶಂಕರದಲ್ಲಿ ಅರುಂಧತಿ ನಾಗ್ ಇದನ್ನು ಕನ್ನಡದಲ್ಲಿ ಆಡಿದರು.

ಟಿವಿ ಸ್ಟುಡಿಯೋ. ಮಂಜುಳಾ ನಾಯಕ್ ಅನ್ನುವ ಲೇಖಕಿ ಕ್ಯಾಮೆರಾ ಮುಂದೆ ಕೂತು ಮಾತಾಡುತ್ತಾಳೆ. ಮೊದಲು ಕನ್ನಡದಲ್ಲಿ ಕಥೆ ಬರೆಯುತ್ತಿದ್ದವಳು, ಈಗ ಇಂಗ್ಲಿಷಿನಲ್ಲಿ ಒಂದು ಕಾದಂಬರಿ ಬರೆದು ದೇಶವಿದೇಶದಲ್ಲಿ ಹೆಸರಾಗಿದ್ದಾಳೆ. ಇಂಗ್ಲಿಷಿನಲ್ಲಿ ಯಾಕೆ ಬರೆದೆ ಅಂತ ಕೇಳುವವರಿಗೆ ಜಾಣತನದ ಉತ್ತರ ಕೊಡುತ್ತಾಳೆ. ತೀರಿಹೋದ, ನಡೆಯಲಾಗದ ತಂಗಿ ಮಾಲಿನಿಯನ್ನು ಪ್ರೀತಿಯಿಂದ ನೆನೆಯುತ್ತಾಳೆ. ಇಲ್ಲಿಯವರೆಗೆ ಭಾಷಣವೇ. ನೀವು ಬೇಸರ ಪಟ್ಟುಕೊಳ್ಳಬಹುದಾದ ಜಾಗ ಇದೇ. ಮಾತು ಮುಗಿಸಿ ಹೊರಡಬೇಕು ಅನ್ನುವಾಗ ಟಿವಿ ಪರದೆಯಲ್ಲಿ ಅವಳದೇ ಮುಖ ಆರದೆ ಉಳಿದು, ಅವಳನ್ನೇ ಪ್ರಶ್ನೆ ಕೇಳಲು ಶುರುಮಾಡುತ್ತದೆ. ಮೊದಲು ಸಲಿಗೆಯಿಂದ, ಆಮೇಲಾಮೇಲೆ ಬಿಡದ ಹಾಗೆ.

ಇದರಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು ನಟಿಯ ಕಷ್ಟ. ಪರದೆಯ ಮುಖ ಮೊದಲೇ ರೆಕಾರ್ಡ್ ಆದದ್ದು. ಅದು ಎಲ್ಲಿ ನಗಬೇಕು, ಎಷ್ಟು ಹೊತ್ತು ಸುಮ್ಮನಿರಬೇಕು ಅನ್ನೋದೆಲ್ಲ ಯಾವತ್ತೋ ತೀರ್ಮಾನವಾಗಿದೆ. ರಂಗದ ಮೇಲಿರುವ ನಟಿ ಒಂದು ಮಾತು ತಡ ಮಾಡಿದರೆ ಪರದೆ ಕಾಯುವುದಿಲ್ಲ, ಪ್ರೇಕ್ಷಕರು ಅಂದುಕೊಂಡದ್ದಕ್ಕಿಂತ ಹೆಚ್ಚು ನಕ್ಕರೂ ಕಾಯುವುದಿಲ್ಲ. ಜೀವಂತ ಹೆಂಗಸು ತನ್ನದೇ ಚಿತ್ರಕ್ಕೆ ಹೊಂದಿಕೊಂಡು ಓಡಬೇಕು. ಮಂಜುಳಾ ಸಿಕ್ಕಿಹಾಕಿಕೊಂಡಿರೋದೂ ಸರಿಯಾಗಿ ಅಲ್ಲೇ ಅಲ್ವಾ? ಜನರ ಮುಂದೆ ತಾನೇ ಕಟ್ಟಿದ ತನ್ನ ಚಿತ್ರದ ಹಿಂದೆ ಓಡುತ್ತಿರುವವಳು ಅವಳು. ತಾಂತ್ರಿಕ ಅಡಚಣೆಯೇ ಪಾತ್ರದ ಗೋಳಾಗಿ ಕೂತುಬಿಟ್ಟಿದೆ.

ಐರಿಷ್ ನಾಟಕಕಾರ ಸ್ಯಾಮುಯೆಲ್ ಬೆಕೆಟ್ 1958ರಲ್ಲೇ 'ಕ್ರಾಪ್ಸ್ ಲಾಸ್ಟ್ ಟೇಪ್' ನಾಟಕದಲ್ಲಿ ಇದರ ಹತ್ತಿರದ ಕೆಲಸ ಮಾಡಿದ್ದ. ಕ್ರಾಪ್ ಅನ್ನುವ 69ರ ಮುದುಕ ತನ್ನ 39ನೇ ವಯಸ್ಸಿನ ಧ್ವನಿಯನ್ನು ಟೇಪ್‌ನಲ್ಲಿ ಕೇಳುತ್ತಾನೆ, ಬೈಯುತ್ತಾನೆ, ಮುಂದಕ್ಕೆ ಓಡಿಸುತ್ತಾನೆ. ಆ ಮುದುಕ ಬೇಕಾದಾಗ ಸ್ವಿಚ್ ಒತ್ತಿ ನಿಲ್ಲಿಸಬಹುದು. ಮಂಜುಳಾಳ ಕೈಯಲ್ಲಿ ಸ್ವಿಚ್ ಇಲ್ಲ.

ನಾಟಕ ನೋಡಿದರೆ ಮೊದಲ ಭಾಷಣವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ ಮೇಡಂ. ಯಾವ ವಿಷಯ ಬಂದಾಗ ಅವಳು ಅಗತ್ಯಕ್ಕಿಂತ ಎರಡು ವಾಕ್ಯ ಜಾಸ್ತಿ ಹೇಳುತ್ತಾಳೆ ನೋಡಿಕೊಳ್ಳಿ. ಪರದೆ ಹೋಗಿ ಕೆದಕುವುದು ಅಲ್ಲಿಗೇ.

ಪ್ರಶ್ನೆ: ಸುಳ್ಳುಗಾರರು, ಸ್ವಾರ್ಥಿಗಳು, ಕೊಲೆಗಾರರು. ಈಗಿನ ನಾಟಕಗಳಲ್ಲಿ ಒಳ್ಳೆಯವರೇ ಇಲ್ಲ. ಇಂಥವರನ್ನು ನಾವು ಇಷ್ಟಪಡಬೇಕಾ? (ಶಿವಮೊಗ್ಗ)

ಉತ್ತರ: ಇಷ್ಟಪಡುವ ಹಂಗೇನಿಲ್ಲ. ಅವರು ಮುಂದೆ ಏನು ಮಾಡ್ತಾರೆ ಅನ್ನುವ ಕುತೂಹಲ ಇದೆಯಾ? ಇದ್ದರೆ ನಾಟಕ ಗೆದ್ದಿದೆ. ಮನೆಗೆ ಕರೆದು ಊಟ ಹಾಕಬೇಕಾಗಿಲ್ಲವಲ್ಲ.

ಪ್ರಶ್ನೆ: ಮೂವರು ಹೆಂಗಸರು ಬೆಂಚಿನ ಮೇಲೆ ಕೂತು, ಒಬ್ಬೊಬ್ಬರೇ ಎದ್ದು ಹೋಗಿ ಬಂದು ಮಾಡುವ ನಾಟಕ ನೋಡಿದೆ. ಕೆಲವೇ ನಿಮಿಷ. ಏನೂ ಅರ್ಥ ಆಗಲಿಲ್ಲ, ಅಕ್ಕಪಕ್ಕದವರೆಲ್ಲ ತಲೆದೂಗುತ್ತಿದ್ದರು. ನಾನೇ ದಡ್ಡನಾ? (ಇಂಜಿನಿಯರಿಂಗ್ ವಿದ್ಯಾರ್ಥಿ, ಬೆಂಗಳೂರು)

ಉತ್ತರ: ತಲೆದೂಗಿದವರಲ್ಲಿ ಅರ್ಧ ಜನಕ್ಕೂ ನಿಮ್ಮ ಹಾಗೇ ಆಗಿರುತ್ತದೆ. ನೀವು ನೋಡಿದ್ದು ಬೆಕೆಟ್‌ನ 'ಕಮ್ ಅಂಡ್ ಗೋ' ಇರಬೇಕು. ಒಬ್ಬಳು ಎದ್ದು ಕತ್ತಲಿಗೆ ಹೋದಾಗ ಉಳಿದ ಇಬ್ಬರಲ್ಲಿ ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಹೇಳುತ್ತಾಳೆ, ಕೇಳಿದವಳು ಬೆಚ್ಚಿ ಬೀಳುತ್ತಾಳೆ. ಹೋದವಳು ವಾಪಸ್ ಬಂದು ಕೂರುತ್ತಾಳೆ. ಮೂವರಿಗೂ ಹೀಗೇ ಆಗುತ್ತದೆ. ಏನು ಹೇಳಿದರು ಅಂತ ನಮಗೆ ಕೇಳಿಸೋದೇ ಇಲ್ಲ, ಆದರೆ ಪ್ರತಿಯೊಬ್ಬಳೂ ಉಳಿದಿಬ್ಬರ ಬಗ್ಗೆ ಏನೋ ತಿಳಿದುಕೊಂಡು, ತನ್ನ ಬಗ್ಗೆ ಮಾತ್ರ ತಿಳಿಯದೆ ಕೂತಿದ್ದಾಳೆ. ನಿಮಗೆ ಅರ್ಥವಾಗದ್ದು ಆ ಪಿಸುಮಾತು ತಾನೇ? ಅದನ್ನು ಬೆಕೆಟ್ ಬೇಕಂತಲೇ ಮುಚ್ಚಿಟ್ಟಿದ್ದಾನೆ.

ಹಾಗಂತ ಅರ್ಥವಾಗದ್ದೆಲ್ಲ ದೊಡ್ಡ ನಾಟಕ ಅಂತ ಹೆದರಬೇಡಿ. ಕೆಲವು ನಾಟಕಗಳು ಬರೆದವರಿಗೇ ಸ್ಪಷ್ಟವಿರುವುದಿಲ್ಲ, ಹೊಗೆ ಬಿಟ್ಟು, ನೀಲಿ ಲೈಟು ಹಾಕಿ ಮುಗಿಸಿಬಿಡುತ್ತಾರೆ. ಇನ್ನು ಕೆಲವದರಲ್ಲಿ ಕೊನೆಗೆ ಒಬ್ಬ ನಮ್ಮ ಕಡೆ ತಿರುಗಿ ಸಮಾಜಕ್ಕೆ ಸಂದೇಶ ಕೊಡುತ್ತಾನೆ. ಇವೆರಡರಲ್ಲಿ ನನಗೆ ಹೊಗೆಯೇ ವಾಸಿ, ಅದು ಉಪದೇಶ ಮಾಡೋದಿಲ್ಲ.

ಪ್ರಶ್ನೆ: ನಾಟಕ ಶುರುವಾಗಿ ಐದು ನಿಮಿಷ ಆಗಿತ್ತು ಅಷ್ಟೇ, ಬಾಗಿಲಲ್ಲೇ ತಡೆದರು. ದುಡ್ಡು ಕೊಟ್ಟವರಿಗೆ ಹೀಗೆ ಮಾಡಬಹುದಾ? (ಬೆಂಗಳೂರು)

ಉತ್ತರ: ಮಾಡಬಹುದು. ಬೆಂಗಳೂರಿನ ಟ್ರಾಫಿಕ್ ನನಗೂ ಗೊತ್ತು. ಆದರೆ ಅರ್ಧ ಗಂಟೆಯ ನಾಟಕದಲ್ಲಿ ಐದು ನಿಮಿಷ ಅಂದರೆ ಆರರಲ್ಲಿ ಒಂದು ಪಾಲು ಹೋಯಿತು. ಮೇಲೆ ಹೇಳಿದ ಶೂ, ಬೆಂಕಿಪೊಟ್ಟಣ ಎಲ್ಲ ಅಷ್ಟರಲ್ಲಿ ಮುಗಿದಿರುತ್ತದೆ. ನೀವು ಮೊಬೈಲ್ ಟಾರ್ಚ್ ಹಾಕಿಕೊಂಡು ಸೀಟ್ ಹುಡುಕುವಾಗ ಹಿಂದಿನ ಸಾಲಿನವರಿಗೂ ಅದು ತಪ್ಪಿಹೋಗಬೇಕಾ?

ಪ್ರಶ್ನೆ: ಒಂದೇ ಸಂಜೆ ಎಂಟು ಹತ್ತು ಪುಟ್ಟ ನಾಟಕ ಆಡಿಸುತ್ತಾರೆ. ಮನೆಗೆ ಬರುವಷ್ಟರಲ್ಲಿ ಎಲ್ಲ ಕಲಸುಮೇಲೋಗರ. (ಮಂಗಳೂರು)

ಉತ್ತರ: ಹತ್ತು ನಿಮಿಷದ ನಾಟಕಗಳ ಈ ಥರದ ಉತ್ಸವಗಳಲ್ಲಿ ಹೆಸರಾದದ್ದು 'ಶಾರ್ಟ್ ಪ್ಲಸ್ ಸ್ವೀಟ್', 2002ರಲ್ಲಿ ಸಿಡ್ನಿಯಲ್ಲಿ ಶುರುವಾಗಿ ಆಮೇಲೆ ಭಾರತಕ್ಕೂ ಬಂತು. ಎಲ್ಲ ನೆನಪಿಡಲು ಹೋಗಬೇಡಿ. ಪ್ರತಿ ನಾಟಕದಿಂದ ಒಂದು ಪಾತ್ರ ಮಾಡಿದ ಒಂದೇ ಒಂದು ಕೆಲಸ ಇಟ್ಟುಕೊಳ್ಳಿ. ಹೇಳಿದ ಮಾತಲ್ಲ, ಮಾಡಿದ ಕೆಲಸ. ಚಿಲಕ ಹಾಕಿದಳು, ಪತ್ರ ಓದದೆ ಮಡಚಿಟ್ಟ, ಹೀಗೆ. ಒಂದೂ ಸಿಗದಿದ್ದರೆ ಆ ನಾಟಕದಲ್ಲಿ ಬರೀ ಮಾತಿತ್ತು ಅಂತ ಲೆಕ್ಕ, ಮರೆತರೆ ನಷ್ಟವಿಲ್ಲ.

ಪ್ರಶ್ನೆ: ನಮ್ಮೂರಲ್ಲಿ ಇಂಥ ನಾಟಕ ಬರೋದಿಲ್ಲ. ಓದಿದರೆ ಸಾಕಾ? (ಕೊಪ್ಪಳ ಜಿಲ್ಲೆಯ ಶಿಕ್ಷಕರು)

ಉತ್ತರ: ಸಾಲದು, ಆದರೆ ಏನೂ ಇಲ್ಲದ್ದಕ್ಕಿಂತ ಮೇಲು. ಹೆಗ್ಗೋಡಿನ ನೀನಾಸಂ ಸಂಸ್ಥೆಯ ಸಂಚಾರಿ ನಾಟಕ ತಂಡ 'ತಿರುಗಾಟ' 1985ರಿಂದ ಊರೂರು ಸುತ್ತುತ್ತಿದೆ, ಹತ್ತಿರ ಬಂದಾಗ ಬಿಡಬೇಡಿ, ಅದರಲ್ಲಿ ದೊಡ್ಡ ನಾಟಕಗಳೇ ಇರುತ್ತವೆ ಅನ್ನೋದು ಬೇರೆ ಮಾತು. ಓದುವಾಗ ಇಬ್ಬರು ಮೂವರು ಸೇರಿ ಗಟ್ಟಿಯಾಗಿ ಓದಿ. ಪಾರ್ಟು ಅದಲುಬದಲು ಮಾಡಿಕೊಂಡು ಇನ್ನೊಮ್ಮೆ ಓದಿ. ಕಂಸದಲ್ಲಿರುವ ಸೂಚನೆಗಳನ್ನು ಮಾತ್ರ ಹಾರಿಸಬೇಡಿ. ಆ ಕ್ರಾಪ್ ಮುದುಕ ಒಂದು ಮಾತಾಡುವ ಮುಂಚೆ ಬಾಳೆಹಣ್ಣು ಸುಲಿದು ತಿಂದು, ಎಸೆದ ಸಿಪ್ಪೆಯ ಮೇಲೆ ತಾನೇ ಜಾರುತ್ತಾನೆ. ಅದೆಲ್ಲ ಇರೋದು ಬರೀ ಸೂಚನೆಯಲ್ಲಿ. ನಿಮ್ಮ ಶಾಲೆಯ ಮಕ್ಕಳ ಕೈಲಿ ಮಾಡಿಸಿ ನೋಡಿ, ಓದುವಾಗ ಕಾಣದ್ದು ಕಾಣುತ್ತದೆ.

ಪ್ರಶ್ನೆ: ನಮ್ಮ ಅಪ್ಪ ಕಂಪನಿ ನಾಟಕಗಳನ್ನು ನೋಡಿ ಬೆಳೆದವರು. ಕಿರುನಾಟಕಕ್ಕೆ ಕರೆದೊಯ್ದರೆ ಹಾಡಿಲ್ಲ, ಸೀನರಿ ಇಲ್ಲ, ಇದೂ ಒಂದು ನಾಟಕವಾ ಅಂತ ಬೈತಾರೆ. ಬಿಟ್ಟು ಹೋಗಲೂ ಮನಸ್ಸಿಲ್ಲ. (ಹುಬ್ಬಳ್ಳಿ)

ಉತ್ತರ: ಬಿಟ್ಟು ಹೋಗಬೇಡಿ. ನಟ ಚೆನ್ನಾಗಿ ಮಾಡಿದರೆ 'ಒನ್ಸ್ ಮೋರ್' ಅಂತ ಕೂಗಿ ಅದೇ ಹಾಡು ಮತ್ತೆ ಹಾಡಿಸುತ್ತಿದ್ದ ಕಾಲದವರು ಅವರು. ಯಾವ ನಟ ಮೈಗಳ್ಳತನ ಮಾಡುತ್ತಿದ್ದಾನೆ ಅನ್ನೋದು ನಮಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ. ಮೊದಲಿಗೆ ಬೆಕೆಟ್ ಬೇಡ, ನಗು ಇರುವಂಥದ್ದಕ್ಕೆ ಕರೆದುಕೊಂಡು ಹೋಗಿ, ಕಿವಿ ಮಂದವಿದ್ದರೆ ಮುಂದಿನ ಸಾಲಲ್ಲೇ ಟಿಕೆಟ್ ತೆಗೆಸಿ. ಆಮೇಲೂ ಬೈದರೆ ಯಾವ ಪಾತ್ರವನ್ನು, ಏನಂತ ಬೈದರು ಅಂತ ವಿವರವಾಗಿ ಬರೆದು ಕಳಿಸಿ. ಅಚ್ಚು ಹಾಕುತ್ತೇನೆ.