ಚಳಿ ದೇಶದ ಕುದುರೆ ದೊಡ್ಡದು, ಬಿಸಿಲು ದೇಶದ್ದು ಚಿಕ್ಕದು ಅಂತಾರೆ, ನಿಜಾನಾ?

ಅರ್ಧ ನಿಜ. ಸುಮಾರು 5.6 ಕೋಟಿ ವರ್ಷದ ಹಿಂದೆ ಭೂಮಿ ಬಿಸಿಯಾದಾಗ, ಮೊದಲೇ ಪುಟ್ಟದಿದ್ದ ಆದಿಕಾಲದ ಕುದುರೆ ಸುಮಾರು 4 ಕಿಲೋಗೆ ಇಳಿಯಿತು. ತಂಪಾದಾಗ ಮತ್ತೆ ಬೆಳೆಯಿತು.

ಆದರೆ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲ್ಯಾಂಡ್ ದ್ವೀಪದಲ್ಲಿ ಚಳಿ ಜಾಸ್ತಿ, ಅಲ್ಲಿನ ಕುದುರೆ ಭುಜದ ಹತ್ತಿರ ಅಳೆದರೆ 107 ಸೆಂ.ಮೀ. ಮೀರುವುದಿಲ್ಲ. ಮೇವು ಕಡಿಮೆ ಇರುವ ಕಡೆ ಸಣ್ಣ ಹೊಟ್ಟೆಯೇ ಬದುಕುತ್ತದೆ. ನಮ್ಮ ಮೂಡಿಗೆರೆ, ಸಕಲೇಶಪುರದ ಕಡೆಯ ಮಲೆನಾಡು ಗಿಡ್ಡ ಹಸು ನೋಡಿ: ತಿಂಗಳುಗಟ್ಟಲೆ ಜಡಿಮಳೆ, ಗುಡ್ಡದ ಒರಟು ಹುಲ್ಲು. ಆದ್ರೂ ಗಟ್ಟಿಮುಟ್ಟು. (ಬೇಲಿ ನುಸುಳೋದರಲ್ಲೂ ಎತ್ತಿದ ಕೈ!)

ಸಾಕಿದ ಮೇಲೆ ಮನುಷ್ಯನದೇ ಆಟ. ಭಾರ ಎಳೆಯಲು ಇಂಗ್ಲೆಂಡಿನವರು ಬೆಳೆಸಿದ ಶೈರ್ ತಳಿ 170 ಸೆಂ.ಮೀ. ದಾಟುತ್ತದೆ. ಶೆಟ್ಲ್ಯಾಂಡ್ ಕುದುರೆಯನ್ನೋ, ಕಲ್ಲಿದ್ದಲು ಗಣಿಯ ತಗ್ಗು ಸುರಂಗಕ್ಕೆ ಬೇಕೆಂದು ಕುಳ್ಳಗಿರುವುದನ್ನೇ ಆರಿಸಿ ಮರಿ ಮಾಡಿಸಿದರು.